ಯಾರೂ ಬಿಚ್ಚದ ಕೊಬ್ಬರಿ ಚೀಟಿ

2023ರ ಸೆಪ್ಟೆಂಬರ್. ತಿಪಟೂರಿನಿಂದ ಬೆಳಿಗ್ಗೆ ರೈಲಿಗೆ ಬಂದ ಅಪ್ಪನ ಕೈಯಲ್ಲಿ ಒಂದು ಬಟ್ಟೆ ಚೀಲ. ಒಳಗೆ ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದ ಚೀಟಿಗಳು. ವರ್ಷಕ್ಕೊಂದು ಕಟ್ಟು, ಪ್ರತಿ ಕಟ್ಟಿಗೂ ರಬ್ಬರ್ ಬ್ಯಾಂಡು. 2014ರ ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೇ ಅಂಟಿಬಿಟ್ಟಿತ್ತು.

"ಎಲ್ಲಾ ಐತೆ ಕಣವ್ವ, ಯಾವ್ದು ಕೇಳಿದ್ರೂ ಕೊಡ್ತೀನಿ" ಅಂದರು.

ಅವತ್ತು ಇನ್‌ಕಂ ಟ್ಯಾಕ್ಸ್ ಟ್ರಿಬ್ಯೂನಲ್‌ನ ಬೆಂಗಳೂರು ಬೆಂಚಿನ ಮುಂದೆ ನಮ್ಮ ಕೇಸು.

ಕಥೆ ಹಳೇದು. ನೋಟು ರದ್ದಾದಾಗ ಅಪ್ಪ ಮನೆಯಲ್ಲಿದ್ದ 9 ಲಕ್ಷದ 20 ಸಾವಿರ ಬ್ಯಾಂಕಿಗೆ ಕಟ್ಟಿದ್ದರು. ತಂಗಿ ಮದುವೆಗೆ ಅಂತ ಕೂಡಿಟ್ಟ ಕೊಬ್ಬರಿ ದುಡ್ಡು. ಲೆಕ್ಕ ಸಾಲದು ಅಂತ ಇಲಾಖೆಯವರು ಅದಕ್ಕೆ 69ಎ ಹಚ್ಚಿದರು, ಅಂದರೆ ಎಲ್ಲಿಂದ ಬಂತು ಅಂತ ವಿವರಣೆ ಇಲ್ಲದ ದುಡ್ಡಿನ ಸೆಕ್ಷನ್ನು. ಆಮೇಲೆ ಅಂಥ ದುಡ್ಡಿಗೆ ಎಷ್ಟು ತೆರಿಗೆ ಅಂತ ಹೇಳುವ 115ಬಿಬಿಇ. ಸರ್‌ಚಾರ್ಜು, ಸೆಸ್ಸು ಸೇರಿ ನೂರಕ್ಕೆ 77 ರೂಪಾಯಿ 25 ಪೈಸೆ ತೆರಿಗೆ! ಮೊದಲ ಮೇಲ್ಮನವಿ ಹಾಕಿದೆವು. ಕರೆಯುತ್ತಾರೆ ಅಂತ ಕಾದೆವು. ಯಾರೂ ಕರೆಯಲಿಲ್ಲ. ಕೊನೆಗೆ ಬಾಕಿ ಕಟ್ಟಿ ಅಂತ ಅಂಚೆಯಲ್ಲಿ ಕಾಗದ ಬಂದಾಗಲೇ ಗೊತ್ತಾಗಿದ್ದು, ಮೇಲ್ಮನವಿ ವಜಾ ಆಗಿ ತಿಂಗಳುಗಳೇ ಕಳೆದಿವೆ. ನೋಟಿಸುಗಳೆಲ್ಲ ಒಂದು ಇಮೇಲ್‌ಗೆ ಹೋಗಿದ್ದವು. ಅದು ಆಡಿಟರ್ ಆಫೀಸು ಬಿಟ್ಟು ಹೋದ ಹುಡುಗನದ್ದು.

ಟ್ರಿಬ್ಯೂನಲ್‌ಗೆ 60 ದಿನದೊಳಗೆ ಹೋಗಬೇಕಿತ್ತು. ನಾವು ಹೋಗುವಷ್ಟರಲ್ಲಿ ಅದರ ಮೇಲೆ 127 ದಿನ ತಡ. ಹಾಗಾಗಿ ಮೊದಲು ತಡ ಮನ್ನಾ ಮಾಡಿ ಅಂತ ಅರ್ಜಿ, ಜೊತೆಗೆ ನೋಟರಿ ಸೀಲಿನ ಅಫಿಡವಿಟ್ಟು. ಅಪ್ಪ ಅದಕ್ಕೆ ಸಹಿ ಹಾಕುವಾಗ, "ನಾನೇನು ತಡ ಮಾಡ್ದೆ?" ಅಂತ ಎರಡು ಸಲ ಕೇಳಿದ್ದರು.

ಅವತ್ತಿನ ಲಿಸ್ಟಿನಲ್ಲಿ ನಮ್ಮದು 27ನೇ ನಂಬರು. ಇಲಾಖೆ ಲೆಕ್ಕ ಹಾಕಿದ ಆದಾಯ 50 ಲಕ್ಷದೊಳಗಿದ್ದದ್ದರಿಂದ ತೀರ್ಪು ಕೊಡುವ ಮೆಂಬರ್ ಒಬ್ಬರೇ. ಸಿನಿಮಾ ಕೋರ್ಟಿನ ಗಲಾಟೆ ಏನೂ ಇಲ್ಲ. ಫೈಲು ತಿರುವುವ ಸದ್ದು, ಎಸಿ ಸದ್ದು, ಅಷ್ಟೇ.

ಇಲಾಖೆ ಕಡೆಯವರು ಎದ್ದು, ಇಮೇಲ್ ಇವರೇ ಕೊಟ್ಟದ್ದು, ಆರ್ಡರ್ ಪೋರ್ಟಲ್‌ನಲ್ಲೂ ಇತ್ತು, ನೋಡಿಕೊಳ್ಳಬೇಕಾದವರು ಇವರೇ ಅಂದರು. ನಿಜ ಹೇಳಬೇಕಂದ್ರೆ ನನಗೂ ಅದು ಸರಿ ಅನ್ನಿಸಿ ಎದೆ ಧಸಕ್ ಅಂದಿತು. ಆಗ ನಮ್ಮ ಆಡಿಟರ್ ಪೇಪರ್ ಬುಕ್ಕಿನಿಂದ, ಅಂದರೆ ನಮ್ಮ ದಾಖಲೆಗಳ ಕಟ್ಟಿನಿಂದ, ಫಾರಂ 35 ತೆಗೆದರು. ಮೊದಲ ಮೇಲ್ಮನವಿಯ ಫಾರಂ ಅದು. ನೋಟಿಸು ಇಮೇಲ್‌ನಲ್ಲಿ ಕಳಿಸಬಹುದೇ ಅಂತ ಅದರಲ್ಲೊಂದು ಕಾಲಂ ಇದೆ. ಅಲ್ಲಿ 'ನೋ' ಅಂತಿತ್ತು.

ಮೆಂಬರ್ ಕನ್ನಡಕ ಸರಿ ಮಾಡಿಕೊಂಡು ಆ ಪುಟ ನೋಡಿದರು. ಅಂಚೆಯಲ್ಲಿ ಒಂದಾದರೂ ನೋಟಿಸು ಕಳಿಸಿದ್ದೀರಾ ಅಂತ ಕೇಳಿದರು. ಇಲಾಖೆಯವರ ಹತ್ತಿರ ಅದರ ದಾಖಲೆ ಇರಲಿಲ್ಲ. ತಡ ಮನ್ನಾ, ವಜಾ ಆರ್ಡರ್ ರದ್ದು. ಕೇಸು ಮತ್ತೆ ಮೊದಲ ಮೇಲ್ಮನವಿಗೆ ವಾಪಸ್, ಹೊಸದಾಗಿ ವಿಚಾರಣೆ. ಎಲ್ಲಾ ಸೇರಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಆ 'ನೋ' ಟೈಪ್ ಮಾಡಿದ್ದು ಕೂಡ ಅದೇ ಹುಡುಗನಂತೆ. ಬೈಯಬೇಕೋ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗಲಿಲ್ಲ.

ಹೊರಗೆ ಬಂದ ಮೇಲೆ ಅಪ್ಪ, "ಗೆದ್ವಾ?" ಅಂದರು.

"ಗೆದ್ವಿ ಯಜಮಾನ್ರೆ" ಅಂದರು ಆಡಿಟರ್.

"ಮತ್ತೆ ದುಡ್ಡಿನ ವಿಷ್ಯ ಯಾರೂ ಎತ್ಲೇ ಇಲ್ವಲ್ಲ?"

ಅದು ಇನ್ನು ಮುಂದೆ, ವಾಪಸ್ ಹೋದ ಕಡೆ ಕೇಳ್ತಾರೆ ಅಂತ ಆಡಿಟರ್ ಬಿಡಿಸಿ ಹೇಳಿದರು. ಅಪ್ಪ ಸುಮ್ನೆ ಕೇಳಿಸಿಕೊಂಡರು. ನಮ್ಮಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಕೂತರೆ ಉಂಡೆ ಕೊಬ್ಬರಿ.

"ಏಳು ಅಟ್ಟದ ಕಾಯಿ ಕೊಬ್ಬರಿ ಆಗೋಯ್ತು, ಇದು ಮಾತ್ರ ಇನ್ನೂ ಹಸಿ" ಅಂತ ನಕ್ಕು, ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಲಿಫ್ಟಿನ ಕಡೆ ನಡೆದರು.