ದೊಡ್ಡ ಡಾಕ್ಟ್ರು ಫ್ಲೈಟಲ್ಲಿದ್ದ ರಾತ್ರಿ

ರಾಜ್ಯಾನ ಕಾನೂನು ನಡೆಸ್ಬೇಕಾ ಇಲ್ಲಾ ತಿಳುವಳಿಕೆ ಇರೋ ಒಬ್ರು ಆಳಿದ್ರೆ ಸಾಕಾ ಅನ್ನೋ ಚರ್ಚೆ ಬಂದಾಗೆಲ್ಲ ನಂಗೆ ನಮ್ಮ ವಾರ್ಡಿನ ಒಂದು ನೈಟ್ ಡ್ಯೂಟಿ ಕಣ್ಮುಂದೆ ಬರುತ್ತೆ.

ನಾನು ನರ್ಸ್. ನಮ್ಮ ಸೀನಿಯರ್ ಡಾಕ್ಟ್ರು ನಿಜಕ್ಕೂ ದೊಡ್ಡ ಕೈ, ಪೇಷೆಂಟ್ ಮುಖ ನೋಡೇ ಅರ್ಧ ಕಾಯಿಲೆ ಹೇಳೋರು. ಪ್ರೋಟೋಕಾಲ್ ಅಂದ್ರೆ ಯಾವಾಗ ಏನು ಮಾಡ್ಬೇಕು ಅನ್ನೋ ನಿಯಮ ಬರೆದು ಅಂಟಿಸೋದು ಅವ್ರಿಗೆ ಆಗ್ತಿರ್ಲಿಲ್ಲ, "ಸಿಸ್ಟರ್, ಒಬ್ಬೊಬ್ರ ದೇಹ ಒಂದೊಂದು ಥರ, ನನ್ನ ಕೇಳಿ ಮಾಡಿ" ಅನ್ನೋರು, ನಾವೂ ಕೇಳಿಯೇ ಮಾಡ್ತಿದ್ವಿ.

ಆ ರಾತ್ರಿ ಅವ್ರು ಫ್ಲೈಟಲ್ಲಿದ್ರು, ಫೋನ್ ಆಫ್. ಎರಡೂವರೆ ಹೊತ್ತಿಗೆ ಒಬ್ರು ಶುಗರ್ ಪೇಷೆಂಟ್ ಬೆವರಿ ಬಟ್ಟೆಯೆಲ್ಲ ಒದ್ದೆ, ಕರೆದ್ರೆ ತೊದಲ್ತಿದ್ದಾರೆ, ಬೆರಳು ಚುಚ್ಚಿ ನೋಡಿದ್ರೆ ಶುಗರ್ 48, ತುಂಬಾ ಕಮ್ಮಿ. ಗ್ಲೂಕೋಸ್ ಕೊಡ್ಬೇಕು ಅಂತ ನಂಗೂ ಗೊತ್ತು, ಪಕ್ಕದಲ್ಲಿದ್ದ ಜೂನಿಯರ್ ಡಾಕ್ಟ್ರಿಗೂ ಗೊತ್ತು, ಆದ್ರೂ ಡೆಕ್ಸ್‌ಟ್ರೋಸ್ (ಅದೇ ಗ್ಲೂಕೋಸ್) ಕೈಯಲ್ಲಿ ಹಿಡ್ಕೊಂಡು ಫೋನ್ ಮೇಲೆ ಫೋನ್ ಮಾಡ್ತಾ ನಿಂತ್ವಿ, ಯಾಕಂದ್ರೆ ಕೇಳದೆ ಮಾಡಿ ಗೊತ್ತೇ ಇರ್ಲಿಲ್ಲ. ಹತ್ತು ನಿಮಿಷ ಹೋಯ್ತು. ಪೇಷೆಂಟ್ ಚೇತರಿಸ್ಕೊಂಡ್ರು, ಆದ್ರೆ ಆ ಹತ್ತು ನಿಮಿಷ ನನ್ನ ಮನಸ್ಸಿಂದ ಇನ್ನೂ ಹೋಗಿಲ್ಲ.

ಹಳೇ ಗ್ರೀಸಿನ ತತ್ವಜ್ಞಾನಿ ಪ್ಲೇಟೋ ಕೂಡ ವೈದ್ಯನ ಉದಾಹರಣೆನೇ ಕೊಟ್ಟಿದ್ದಾನೆ. ‘ಸ್ಟೇಟ್ಸ್‌ಮನ್’ ಸಂವಾದದಲ್ಲಿ ಪರದೇಶಕ್ಕೆ ಹೊರಟ ವೈದ್ಯ ರೋಗಿಗೆ ಸೂಚನೆ ಬರೆದಿಟ್ಟು ಹೋಗ್ತಾನೆ, ಅಂದ್ಕೊಂಡಿದ್ದಕ್ಕಿಂತ ಬೇಗ ವಾಪಸ್ ಬಂದಾಗ ಸ್ಥಿತಿ ಬದಲಾಗಿದ್ರೆ ಬರೆದಿದ್ದಕ್ಕೇ ಅಂಟ್ಕೊಂಡಿರಬೇಕಾ ಅನ್ನೋದು ಅಲ್ಲಿರೋ ಪ್ರಶ್ನೆ. ತಿಳಿದವನೇ ಕಾನೂನಿಗಿಂತ ಮೇಲು ಅಂತ ಅವನ ಮಾತು, ಆದ್ರೆ ಅಂಥವನು ಸಿಗದಿದ್ರೆ ಬರೆದ ಕಾನೂನೇ ಗತಿ ಅಂತಾನೂ ಅಲ್ಲೇ ಒಪ್ಕೊಳ್ತಾನೆ, ವಯಸ್ಸಾದ್ಮೇಲೆ ಬರೆದ ‘ಲಾಸ್’ (ಕಾನೂನುಗಳು) ಅನ್ನೋ ಸಂವಾದದಲ್ಲಂತೂ ಆಳೋರೇ ಕಾನೂನಿನ ಸೇವಕರಾಗಿರಬೇಕು ಅಂತಾನೆ. ಕ್ರಿ.ಪೂ. 3ನೇ ಶತಮಾನದ ಚೀನಾದ ಚಿಂತಕ ಹಾನ್ ಫೇ ಇನ್ನೂ ನೇರ. ಮಹಾನ್ ರಾಜರು ಅಪರೂಪಕ್ಕೆ ಹುಟ್ಟೋದು, ಅವ್ರಿಗೋಸ್ಕರ ಕಾಯ್ತಾ ಕೂರೋಕಾಗಲ್ಲ, ಸಾಧಾರಣ ರಾಜನ ಕೈಲೂ ರಾಜ್ಯ ನಡೀಬೇಕು ಅಂದ್ರೆ ಕಾನೂನು ಬೇಕು ಅಂದ. ಇದು ನಂಗೆ ತುಂಬಾ ಹಿಡಿಸ್ತು. ರಾಜ ಎಷ್ಟೇ ಜ್ಞಾನಿ ಆಗಿರ್ಲಿ, ನಿದ್ದೆ ಮಾಡ್ತಾನೆ, ಮುದುಕ ಆಗ್ತಾನೆ, ಸಾಯ್ತಾನೆ, ಅವನು ಇಲ್ದಿರೋ ಹೊತ್ತಲ್ಲೂ ಜನ ಇರ್ತಾರಲ್ಲ.

ಆ ರಾತ್ರಿ ಆದ್ಮೇಲೆ ನಮ್ಮ ವಾರ್ಡಲ್ಲೂ ಬರೆದ ನಿಯಮದ ಶೀಟ್ ಬಂತು. ಶುಗರ್ 70ಕ್ಕಿಂತ ಕಮ್ಮಿ ಇದ್ರೆ ಮೊದ್ಲು ಗ್ಲೂಕೋಸ್, 15 ನಿಮಿಷಕ್ಕೆ ಮತ್ತೆ ಚೆಕ್, ಇದ್ರ ಮಧ್ಯೆ ಡಾಕ್ಟ್ರಿಗೆ ಫೋನ್.

ಆದ್ರೆ ಡಾಕ್ಟ್ರು ಹೇಳ್ತಿದ್ದಿದ್ದೂ ಸುಳ್ಳಲ್ಲ. ಒಂದಿನ ಇನ್ಸುಲಿನ್ ಚಾರ್ಟ್ ನೋಡಿ 8 ಯೂನಿಟ್ ಎಳ್ಕೊಂಡು ಹೊರಟಿದ್ದೆ, ಅವ್ರು ತಡೆದ್ರು. ಆ ಪೇಷೆಂಟಿಗೆ ಕಿಡ್ನಿ ಫೇಲ್ಯೂರ್, ಇನ್ಸುಲಿನ್ ದೇಹದಿಂದ ಬೇಗ ಹೋಗಲ್ಲ, ಪೂರ್ತಿ ಡೋಸ್ ಕೊಟ್ರೆ ಶುಗರ್ ಕುಸಿಯುತ್ತೆ. ಅರಿಸ್ಟಾಟಲ್ ಇದಕ್ಕೊಂದು ಚೆಂದದ ಹೋಲಿಕೆ ಕೊಡ್ತಾನೆ, ಲೆಸ್ಬೋಸ್ ದ್ವೀಪದ ಕಟ್ಟಡದವರು ಸೀಸದ ಅಳತೆಪಟ್ಟಿ ಇಟ್ಕೊಳ್ತಿದ್ರಂತೆ, ಅದು ಕಲ್ಲಿನ ಆಕಾರಕ್ಕೆ ತಕ್ಕಂಗೆ ಬಗ್ಗುತ್ತೆ. ಕಾನೂನು ಎಲ್ರಿಗೂ ಅಂತ ಬರೆದಿರೋದ್ರಿಂದ ಕೆಲವು ಕಡೆ ತಪ್ಪುತ್ತೆ, ಅಲ್ಲಿ ವಿವೇಕ ತಿದ್ಬೇಕು ಅಂತ.

ಬಗ್ಗಿಸೋ ಕೈ ಯಾರದ್ದು, ಯಾಕೆ ಬಗ್ಗಿಸಿದ್ರು ಅನ್ನೋದು ಮಾತ್ರ ಎಲ್ರಿಗೂ ಕಾಣ್ಬೇಕು, ರಾಜ್ಯದಲ್ಲೂ ಅಷ್ಟೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಅವತ್ತು ಡಾಕ್ಟ್ರು ಬಾಯಲ್ಲಿ ಹೇಳಿ ಹೋಗ್ಲಿಲ್ಲ, ಕೇಸ್ ಶೀಟ್ ತರಿಸ್ಕೊಂಡು 8 ಅನ್ನೋದಕ್ಕೆ ಗೀಟು ಹಾಕಿ 4 ಬರೆದ್ರು, ಪಕ್ಕದಲ್ಲಿ ಕಾರಣ, ಟೈಮು, ಸಹಿ.