ಅಮ್ಮನ ಹಳೇ ಫೈಲು

ಇವತ್ತು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಿಪೋರ್ಟುಗಳ ದಪ್ಪ ಫೈಲು ಮನೆಯಲ್ಲೇ ಉಳಿದುಬಿಟ್ಟಿತ್ತು. ಡಾಕ್ಟರು ಕಂಪ್ಯೂಟರಿನಲ್ಲೇ ಎಲ್ಲ ನೋಡಿದರು, ಮೂರು ವರ್ಷದ ಹಿಂದಿನ ಶುಗರ್ ರಿಪೋರ್ಟ್ ಸಮೇತ. ಎಷ್ಟು ಸಮಾಧಾನ ಆಯಿತು! ಕೊರೊನಾ ಬರದಿದ್ದರೆ ಇದೆಲ್ಲ ಇಷ್ಟು ಬೇಗ ಆಗ್ತಿರಲಿಲ್ಲ, ಅಲ್ವಾ? 2021ರಲ್ಲಿ ಯುರೋಪ್ ಒಕ್ಕೂಟ ಮಾಡಿದ ಕ್ಯೂಆರ್ ಕೋಡ್ ಇರುವ ಕೊರೊನಾ ಸರ್ಟಿಫಿಕೇಟ್ (ಲಸಿಕೆ, ಟೆಸ್ಟಿನ ದಾಖಲೆ) ವ್ಯವಸ್ಥೆಯನ್ನೇ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆಂದು ತೆಗೆದುಕೊಂಡಿತು.

ಆದರೆ ಕೌಂಟರ್ ಹತ್ತಿರ ಒಬ್ಬರು ಅಜ್ಜ ನಿಂತಿದ್ದರು. ಒಟಿಪಿ ಹೋಗಿದ್ದು ಮಗನ ಫೋನಿಗೆ. ಮಗ ಫೋನ್ ಎತ್ತುತ್ತಿಲ್ಲ. ಅಜ್ಜನ ಕೈಯಲ್ಲಿ ಮಡಚಿ ಮಡಚಿ ಸವೆದ ಚೀಟಿ, ಬೆವರಿಗೆ ಒದ್ದೆಯಾಗಿತ್ತು. ಕೇಳಿಕೊಂಡ ಮೇಲೆ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಒಳಗೆ ಬಿಟ್ಟರು. ದಯವಿಟ್ಟು ಆ ಪುಸ್ತಕವೂ ಕೌಂಟರ್ ಮೇಲೆ ಇರಲಿ.