ಚಂದ್ರಗುತ್ತಿಯಲ್ಲಿ ಚಂದ್ರನಿಗೆ ಕಾದ ರಾತ್ರಿ

ಪಂಚಾಂಗದ ಪ್ರಕಾರ ಒಂಬತ್ತಕ್ಕೆ ಮುಂಚೆಯೇ ಚಂದ್ರೋದಯ ಆಗಬೇಕಿತ್ತು. ಒಂಬತ್ತೂಕಾಲಾದರೂ ಸುಳಿವಿಲ್ಲ. ಸಂಕಷ್ಟಿ ಉಪವಾಸದಲ್ಲಿದ್ದ ಅಮ್ಮ ಪಂಚಪಾತ್ರೆ, ಉದ್ಧರಣೆ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದರು. ಚಿಕ್ಕಮ್ಮ ಒಳಗಿಂದಲೇ ಅಂದರು, "ಇಲ್ಲಿ ಚಂದ್ರ ಪಂಚಾಂಗ ನೋಡ್ಕೊಂಡು ಬರಲ್ಲ ಮಾರಾಯ್ತಿ, ಗುಡ್ಡ ಹತ್ತಿ ಬರ್ಬೇಕಲ್ಲ."

ಆ ಗುಡ್ಡ ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಮೊದಲು ಚಂದ್ರಗುಪ್ತಿ ಅಂತಿತ್ತಂತೆ, ಚಂದ್ರನನ್ನೇ ಬಚ್ಚಿಡುವಷ್ಟು ಎತ್ತರ ಅಂತ. ಸಮುದ್ರ ಮಟ್ಟದಿಂದ 800 ಮೀಟರಿಗೂ ಜಾಸ್ತಿ. ಮೇಲೆ ಹಳೆಯ ಕೋಟೆ, ಬಂಡೆಯ ಗುಹೆಯೊಳಗೆ ರೇಣುಕಾಂಬೆ. ಅವಳು ನಮ್ಮ ಮನೆದೇವರು. ಬೆಳಿಗ್ಗೆಯಷ್ಟೇ ಉಡಿ ತುಂಬಿ ಬಂದಿದ್ದೆವು.

ಕಾಯುತ್ತಾ ಕೂತಾಗ ಚಂದ್ರನ ಕತೆಯೇ ತಲೆಯಲ್ಲಿ ಸುತ್ತುತ್ತಿತ್ತು. ದಕ್ಷನ 27 ಹೆಣ್ಣುಮಕ್ಕಳನ್ನು, ಅಂದರೆ 27 ನಕ್ಷತ್ರಗಳನ್ನು, ಮದುವೆಯಾಗಿ, ರೋಹಿಣಿ ಒಬ್ಬಳ ಹತ್ತಿರವೇ ಉಳಿದುಬಿಟ್ಟವನು ಇವನು. ಉಳಿದ 26 ಜನ ಅಪ್ಪನ ಮುಂದೆ ಅತ್ತರು, ದಕ್ಷ ಬುದ್ಧಿ ಹೇಳಿದ, ಇವನು ಕೇಳಲಿಲ್ಲ, ಕ್ಷಯ ಹಿಡಿಯಲಿ ಅಂತ ಶಾಪ ಬಿತ್ತು. ಗುರು ಬೃಹಸ್ಪತಿಯ ಹೆಂಡತಿ ತಾರೆಯನ್ನು ಕರೆದುಕೊಂಡು ಹೋದವನೂ ಇವನೇ, ಬುಧ ಹುಟ್ಟಿದ್ದು ಹಾಗೆ. ಗಣಪತಿ ಬಿದ್ದಾಗ ನಕ್ಕವನೂ ಇವನೇ, ಅದಕ್ಕೇ ಗಣೇಶ ಚೌತಿಯ ರಾತ್ರಿ ಇವನ ಮುಖ ನೋಡಬಾರದು, ಆದರೆ ಸಂಕಷ್ಟಿಯಲ್ಲಿ ಇವನನ್ನು ನೋಡದೆ ಊಟ ಇಲ್ಲ. ಪ್ರೇಮಕತೆಗಳಲ್ಲಿ ಹುಡುಗಿಯ ಮುಖವನ್ನು ಚಂದ್ರನಿಗೆ ಹೋಲಿಸುತ್ತಾರೆ. ನನಗೆ ಅವನು ಮುಖಕ್ಕಿಂತ ಮನಸ್ಸಿಗೇ ಸರಿಹೊಂದುತ್ತಾನೆ ಅನ್ನಿಸುತ್ತದೆ. ಪುರುಷಸೂಕ್ತದಲ್ಲೂ ಚಂದ್ರ ಹುಟ್ಟಿದ್ದು ಮನಸ್ಸಿನಿಂದ ಅಂತಲೇ ಇದೆ. ಒಬ್ಬರನ್ನು ಜಾಸ್ತಿ ಹಚ್ಚಿಕೊಳ್ಳುವುದು, ಸೋಲುವುದು, ಸೊರಗುವುದು, ಮತ್ತೆ ಚಿಗುರುವುದು, ಇದೆಲ್ಲ ಮನಸ್ಸಿನ ಕೆಲಸವೇ ಅಲ್ವಾ?

ಕೊನೆಗೆ ಪ್ರಭಾಸದಲ್ಲಿ ಶಿವನ ಕಾಲು ಹಿಡಿದ. ಈಗಿನ ಸೋಮನಾಥ ಅದೇ. ಶಿವ ಶಾಪವನ್ನು ಪೂರ್ತಿ ಅಳಿಸಲಿಲ್ಲ. ಹದಿನೈದು ದಿನ ಸವೆ, ಹದಿನೈದು ದಿನ ಬೆಳೆ ಅಂದ. ಅಷ್ಟೇ ಅಲ್ಲ, ತಲೆಯ ಮೇಲೂ ಇಟ್ಟುಕೊಂಡ. ಈಗಲೂ ಸುಮಾರು 27 ದಿನಕ್ಕೊಮ್ಮೆ ಆಕಾಶದಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರದ ಕಡೆ ಅವನು ಬಂದೇ ಬರುತ್ತಾನೆ. ಆದರೆ ಅಲ್ಲೇ ನಿಲ್ಲುವ ಹಾಗಿಲ್ಲ, ಮುಂದಿನ ಮನೆಗೆ ಹೋಗಲೇಬೇಕು.

ಇನ್ನು ಈ ಗುಡ್ಡದ ತಾಯಿ. ದಿನಾ ಹಸಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನೇ ಸಿಂಬೆ ಮಾಡಿಕೊಂಡು ನೀರು ತರುತ್ತಿದ್ದಳು ಅನ್ನುತ್ತಾರೆ. ಒಂದು ದಿನ ಗಂಧರ್ವ ಚಿತ್ರರಥ ತನ್ನವರೊಂದಿಗೆ ನೀರಾಟ ಆಡುವುದನ್ನು ನೋಡಿದಳು. ಒಂದು ಗಳಿಗೆ ಮನಸ್ಸು ಅತ್ತ ಹೋಯಿತು. ಮುಟ್ಟಲಿಲ್ಲ, ಮಾತಾಡಲಿಲ್ಲ. ಮರಳಿನ ಕೊಡ ನಿಲ್ಲಲಿಲ್ಲ. ಗಂಡ ಜಮದಗ್ನಿ ಮಕ್ಕಳಿಗೆ ತಾಯಿಯನ್ನು ಕಡಿಯಲು ಹೇಳಿದ, ದೊಡ್ಡವರು ಒಪ್ಪದೆ ಶಾಪ ತಿಂದರು, ಪರಶುರಾಮ ಕೊಡಲಿ ಎತ್ತಿದ. ಚಂದ್ರ ಅಷ್ಟೆಲ್ಲ ಮಾಡಿಯೂ ಅವನಿಗೆ ಶಿವನ ತಲೆಯ ಮೇಲೆ ಜಾಗ ಸಿಕ್ಕಿತು, ಇವಳು ಸುಮ್ನೆ ನೋಡಿದ್ದಕ್ಕೆ ತಲೆಯೇ ಹೋಯಿತು. ಚಿಕ್ಕಂದಿನಿಂದ ಈ ಕತೆ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿದಿದೆ, ಈಗಲೂ ಉರಿಯುತ್ತದೆ. ಅದನ್ನು ಅವಳ ಮುಂದೆಯೇ ನಿಂತು ಹೇಳಿಕೊಂಡೂ ಇದ್ದೇನೆ.

ಪರಶುರಾಮ ಬೇಡಿದ ವರ ಮಾತ್ರ ನನ್ನನ್ನು ಬಿಡುವುದಿಲ್ಲ. ಅಮ್ಮ ಮತ್ತೆ ಬದುಕಲಿ, ಕಡಿದದ್ದು ಅವಳಿಗೆ ನೆನಪೂ ಇರದಿರಲಿ ಅಂದ. ಆದರೆ ನಮ್ಮ ಜನ ಮರೆಯಲಿಲ್ಲ. ಇಲ್ಲಿಯವರು ಹೇಳುವ ಕತೆಯಲ್ಲಿ ಅವಳು ಓಡಿ ಬಂದಳು, ಬಂಡೆ ಬಾಯಿ ತೆರೆದು ಒಳಗೆ ಕರೆದುಕೊಂಡಿತು. ಮನೆಯಲ್ಲಿ ಜಾಗ ಇಲ್ಲದವಳಿಗೆ ಗುಡ್ಡ ಜಾಗ ಕೊಟ್ಟಿತು. ತಪ್ಪಿತಸ್ಥೆ ಅಂತ ಯಾರೂ ಅಲ್ಲಿಗೆ ಹೋಗುವುದಿಲ್ಲ, ಅಮ್ಮಾ ಅಂತ ಹೋಗುತ್ತಾರೆ. ಮದುವೆ ಮುರಿದವರು, ಇಷ್ಟಪಟ್ಟವರು ಸಿಗದವರು, ಮನಸ್ಸಿನಲ್ಲಿದ್ದದ್ದನ್ನು ಯಾರಿಗೂ ಹೇಳಲಾಗದವರು ಆ ಮೆಟ್ಟಿಲಲ್ಲಿ ಕೂತು ಅತ್ತಿದ್ದನ್ನು ನಾನೇ ನೋಡಿದ್ದೇನೆ. ಅವರ ಸಂಕಟ ಅವಳಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಒಂಬತ್ತೂಮುಕ್ಕಾಲರ ಹೊತ್ತಿಗೆ ಗುಡ್ಡದ ಅಂಚು ಬೆಳ್ಳಗಾಯಿತು. ಮೊದಲು ಅಡಿಕೆ ಮರಗಳ ತುದಿಗೆ ಬೆಳದಿಂಗಳು ಬಿತ್ತು, ಆಮೇಲೆ ಅವನು ಕಾಣಿಸಿದ. ಚೌತಿಯ ಚಂದ್ರ, ಒಂದು ಬದಿ ಸವೆದಿದ್ದ. ಅಮ್ಮ ಎದ್ದು ನಿಂತು ಅರ್ಘ್ಯ ಬಿಟ್ಟರು. ನಂತರ ಉದ್ಧರಣೆ ನನ್ನ ಕೈಗೆ ಬಂತು. ಒಂದು ಸಲ ಚಂದ್ರನಿಗೆ ಬಿಟ್ಟೆ, ಇನ್ನೊಂದು ಸಲ ಗುಹೆಯ ಕಡೆ ತಿರುಗಿ ಬಿಟ್ಟೆ. ಅಮ್ಮ ಏನೂ ಕೇಳಲಿಲ್ಲ, ಪಂಚಪಾತ್ರೆಯಲ್ಲಿ ಉಳಿದಿದ್ದ ನೀರನ್ನು ಅವರೂ ಆ ಕಡೆಗೇ ಬಿಟ್ಟರು.